ಅಲಕಾಪುರದ ಅರಸರು

ಎಲ್ಲರಿಗೂ ನಮಸ್ಕಾರ.

ಯಾವುದಾದರೂ ಹಳೆಯ ರಾಜಧಾನಿಯ ಚರಿತ್ರೆ ಹೇಳಿ ಅಂತ ನನ್ನನ್ನು ಕರೆದರು. ಒಪ್ಪಿಕೊಂಡೆ. ಹಂಪಿ, ಬಾದಾಮಿ, ಬನವಾಸಿ ಅಂತ ಕಾದು ಕೂತವರು ಕ್ಷಮಿಸಬೇಕು. ನಾನು ಆರಿಸಿಕೊಂಡ ಊರಿಗೆ ಬಸ್ಸಿಲ್ಲ. ಎಷ್ಟು ಅಗೆದರೂ ಅಲ್ಲಿನ ಒಂದು ಮಡಕೆ ಚೂರು ಸಿಗುವುದಿಲ್ಲ. ಅದು ಇರುವುದು ಕಾವ್ಯಗಳಲ್ಲಿ ಮಾತ್ರ. ಹೆಸರು ಅಲಕಾಪುರ. ಅದನ್ನು ಆಳಿದವರು ವಿದ್ಯಾಧರರು, ಅಂದರೆ ಮಾಂತ್ರಿಕರು.

ಮಾಂತ್ರಿಕರು ಆಳುವ ನಗರ ಅಂದರೆ ಈಗಿನ ಮಕ್ಕಳಿಗೆ ವಿಡಿಯೊ ಗೇಮ್ ನೆನಪಾಗುತ್ತದೆ. ಉದ್ದ ಗಡ್ಡ, ಕೈಯಲ್ಲೊಂದು ಕೋಲು, ಚೂಪು ಟೋಪಿ. ನಮ್ಮ ಕವಿಗಳ ಮಾಂತ್ರಿಕರು ಹಾಗಿಲ್ಲ. ಚೆಲುವರು, ಕೊರಳಲ್ಲಿ ಹೂಮಾಲೆ, ಪಕ್ಕದಲ್ಲಿ ಹೆಂಡತಿ, ಇಬ್ಬರೂ ಆಕಾಶದಲ್ಲಿ. ಬಾದಾಮಿಯ ಗುಹೆಗಳಲ್ಲಿ ತಲೆಯೆತ್ತಿ ನೋಡಿದರೆ ಇಂಥ ಹಾರುವ ಜೋಡಿಗಳು ಕಾಣುತ್ತವೆ, ಐಹೊಳೆಯ ಗುಡಿಗಳಲ್ಲೂ ಇದ್ದವು. ಕತ್ತು ನೋಯುತ್ತದೆ, ಆದರೂ ನೋಡಬೇಕು. ಕಾಲು ಹಿಂದಕ್ಕೆ ಮಡಚಿ, ಸೆರಗು ಗಾಳಿಗೆ ಬಿಟ್ಟು, ನೆಲದ ಗೊಡವೆಯೇ ಇಲ್ಲದ ಹಾಗೆ ಹೋಗುತ್ತಿರುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜೈನ ಪುರಾಣಗಳಲ್ಲಿ ವಿದ್ಯಾಧರರು ದೇವತೆಗಳಲ್ಲ. ನಮ್ಮ ಹಾಗೆ ಮನುಷ್ಯರೇ. ಹುಟ್ಟುತ್ತಾರೆ, ಮದುವೆಯಾಗುತ್ತಾರೆ, ಜ್ವರ ಬರುತ್ತದೆ, ಸಾಯುತ್ತಾರೆ. ವ್ಯತ್ಯಾಸ ಒಂದೇ, ಅವರ ಬಳಿ ವಿದ್ಯೆಗಳಿವೆ. ಹಾರುವ ವಿದ್ಯೆ, ರೂಪ ಬದಲಿಸುವ ವಿದ್ಯೆ, ದೂರದ್ದನ್ನು ಕಾಣುವ ವಿದ್ಯೆ. ಕೆಲವು ತಂದೆಯ ಕಡೆಯಿಂದ ಬರುತ್ತವೆ, ಕೆಲವು ತಾಯಿಯ ಕಡೆಯಿಂದ. ಇನ್ನು ಕೆಲವನ್ನು ತಪಸ್ಸು ಮಾಡಿ ಒಲಿಸಿಕೊಳ್ಳಬೇಕು. 'ಒಲಿಸಿಕೊಳ್ಳುವುದು' ಅನ್ನುವ ಪದ ನೆನಪಿಟ್ಟುಕೊಳ್ಳಿ. ಒಲಿದದ್ದು ಮುನಿಯಲೂಬಹುದು. ಈ ಊರುಗಳ ಚರಿತ್ರೆ ಅಂದರೆ, ನನ್ನ ಮಟ್ಟಿಗೆ, ವಿದ್ಯೆ ಮುನಿಸಿಕೊಂಡು ಹೊರಟುಹೋದ ಚರಿತ್ರೆ.

ಮೊದಲು ಜೈನ ಪುರಾಣಗಳ ಭೂಗೋಳ. ನಾವಿರುವ ನಾಡಿಗೆ ಅಲ್ಲಿ ಭರತಕ್ಷೇತ್ರ ಅಂತ ಹೆಸರು. ಭರತಕ್ಷೇತ್ರದ ನಡುವೆ ಪೂರ್ವದಿಂದ ಪಶ್ಚಿಮಕ್ಕೆ ಒಂದು ಬೆಳ್ಳಿಯ ಬೆಟ್ಟ ಮಲಗಿದೆ. ಹೆಸರು ವಿಜಯಾರ್ಧ. ಎತ್ತರ 25 ಯೋಜನ, ಅಗಲ 50 ಯೋಜನ. ಯೋಜನ ಅಂದರೆ ದೂರದ ಹಳೆಯ ಅಳತೆ. 10 ಯೋಜನ ಮೇಲೇರಿದರೆ ಎರಡೂ ಮಗ್ಗುಲಲ್ಲಿ ಜಗಲಿಯ ಹಾಗೆ ಎರಡು ಶ್ರೇಣಿಗಳು. ತೆಂಕಣ ಶ್ರೇಣಿಯಲ್ಲಿ 50 ನಗರ, ಬಡಗಣ ಶ್ರೇಣಿಯಲ್ಲಿ 60. ಒಟ್ಟು 110 ನಗರಗಳು, ಎಲ್ಲಾ ವಿದ್ಯಾಧರರವೇ. ಇಷ್ಟು ಲೆಕ್ಕಾಚಾರದ ಕಲ್ಪನೆ ಬೇರೆಲ್ಲೂ ಜಾಸ್ತಿ ಸಿಗುವುದಿಲ್ಲ. ಪುರಾಣಕಾರರು ಕಂದಾಯ ಇಲಾಖೆಯವರ ಥರ ಅಳೆದು ಬರೆದಿದ್ದಾರೆ.

ಆದರೆ ಅಲಕಾಪುರ ಈ ಬೆಟ್ಟದ ಮೇಲಿಲ್ಲ. ಇಲ್ಲಿ ತುಂಬಾ ಜನ ಎಡವುತ್ತಾರೆ. ಭರತಕ್ಷೇತ್ರದ ಆಚೆ ವಿದೇಹಕ್ಷೇತ್ರ ಅಂತ ಇನ್ನೊಂದಿದೆ. ಅದರ ಒಂದೊಂದು ನಾಡಿಗೂ ಒಂದೊಂದು ವಿಜಯಾರ್ಧ ಇದೆ. ಪಶ್ಚಿಮ ವಿದೇಹದಲ್ಲಿ ಗಂಧಿಲ ಅನ್ನುವ ನಾಡು. ಅಲ್ಲಿನ ಬೆಳ್ಳಿಬೆಟ್ಟದ ಬಡಗಣ ಶ್ರೇಣಿಯಲ್ಲಿ ಅಲಕಾಪುರ. ಕುಬೇರನ ಅಲಕೆಯ ಹೆಸರೇ ಇದಕ್ಕೂ ಇದೆ, ಊರು ಮಾತ್ರ ಬೇರೆ.

ನಮ್ಮ ಭರತಕ್ಷೇತ್ರದ ಬೆಟ್ಟಕ್ಕೆ ಅರಸರು ಬಂದದ್ದು ಹೇಗೆ? ಅದೊಂದು ಸೊಗಸಾದ ಪ್ರಸಂಗ. ಮೊದಲ ತೀರ್ಥಂಕರ ಆದಿನಾಥ ರಾಜ್ಯವನ್ನೆಲ್ಲ ಮಕ್ಕಳಿಗೆ ಹಂಚಿ ತಪಸ್ಸಿಗೆ ನಿಂತಿದ್ದಾನೆ. ಮಾತಿಲ್ಲ, ಅಲುಗಾಟವಿಲ್ಲ. ಆಗ ನಮಿ, ವಿನಮಿ ಅನ್ನುವ ಇಬ್ಬರು ಹುಡುಗರು ಬಂದು ಕಾಲ ಬಳಿ ಕೂತು ಹಟ ಹಿಡಿಯುತ್ತಾರೆ. "ಎಲ್ಲರಿಗೂ ಕೊಟ್ಟೆ, ನಮಗೇನೂ ಕೊಡಲಿಲ್ಲ." ಎಲ್ಲವನ್ನೂ ಬಿಟ್ಟು ನಿಂತವನ ಹತ್ತಿರ ಪಾಲು ಕೇಳುತ್ತಾರೆ! ನಾಗರಾಜ ಧರಣೇಂದ್ರ ಇದನ್ನು ಅರಿತು ಬಂದ. ಹುಡುಗರ ಭಕ್ತಿಗೆ ಮೆಚ್ಚಿ ವಿದ್ಯೆಗಳನ್ನು ಕೊಟ್ಟ. ವಿಜಯಾರ್ಧಕ್ಕೆ ಕರೆದುಕೊಂಡು ಹೋಗಿ ಇಬ್ಬರಿಗೂ ಒಂದೊಂದು ಶ್ರೇಣಿ ಒಪ್ಪಿಸಿದ. ನಮಿಯ ರಾಜಧಾನಿ ರಥನೂಪುರ ಚಕ್ರವಾಲ.

ಜೈನ ಆಚಾರ್ಯ ಹೇಮಚಂದ್ರ ಗುಜರಾತಿನಲ್ಲಿ 12ನೇ ಶತಮಾನದಲ್ಲಿ ಈ ಕಥೆ ಹೇಳುವಾಗ ಇನ್ನೊಂದು ಸಂಗತಿ ಸೇರಿಸುತ್ತಾನೆ. ಧರಣೇಂದ್ರ ಸುಮ್ನೆ ವಿದ್ಯೆ ಕೊಟ್ಟು ಹೋಗಲಿಲ್ಲ, ಕಟ್ಟಳೆ ಹಾಕಿದ. ಜಿನರನ್ನೂ ಮುನಿಗಳನ್ನೂ ಅವಮಾನ ಮಾಡಿದರೆ, ಹೆಣ್ಣನ್ನು ಅವಳ ಮನಸ್ಸಿಗೆ ವಿರುದ್ಧವಾಗಿ ಕೂಡಿದರೆ, ವಿದ್ಯೆ ಆ ಕ್ಷಣವೇ ಬಿಟ್ಟುಹೋಗುತ್ತದೆ. ಇದನ್ನು ರತ್ನದ ಗೋಡೆಯ ಮೇಲೆ ಶಾಸನದ ಹಾಗೆ ಕೆತ್ತಿಸಿದನಂತೆ. ರಾಜ್ಯ ಹುಟ್ಟಿದ ದಿನವೇ ರಾಜನ ಕೈ ಕಟ್ಟುವ ಶಾಸನ! ನಮ್ಮ ನಿಜವಾದ ಊರುಗಳಲ್ಲಿ ಸಿಕ್ಕ ಕಲ್ಲುಗಳಲ್ಲಿ ರಾಜರ ಬಿರುದುಗಳೇ ಜಾಸ್ತಿ, ಅಲ್ವಾ?

ರಥನೂಪುರದಲ್ಲಿ ಮುಂದೆ ಒಬ್ಬ ಅರಸ ಬಂದ, ಇಂದ್ರ ಅಂತ. ಅಮ್ಮನಿಗೆ ಬಸುರಿಯಾಗಿದ್ದಾಗ ಇಂದ್ರವೈಭವ ಬೇಕು ಅನ್ನುವ ಬಯಕೆ ಹುಟ್ಟಿತ್ತು, ಅದಕ್ಕೇ ಮಗನಿಗೆ ಆ ಹೆಸರು. ಹೆಸರು ತಲೆಗೇರಿತು. ತನ್ನ ಆನೆಗೆ ಐರಾವತ ಅಂತ ಹೆಸರಿಟ್ಟ. ಹೆಂಡತಿ ಶಚಿ. ನಾಲ್ಕು ದಿಕ್ಕಿಗೆ ಲೋಕಪಾಲರನ್ನು ನೇಮಿಸಿದ. ಬೆಟ್ಟದ ಮೇಲೇ ಒಂದು ಡೂಪ್ಲಿಕೇಟ್ ಸ್ವರ್ಗ. ಇವನನ್ನು ಸೋಲಿಸಿ ಹಿಡಿದು ತಂದವನು ರಾವಣ. ಅವನೂ ವಿದ್ಯಾಧರನೇ. ಇಂದ್ರನ ಮುದಿ ತಂದೆ ಬಂದು ಬೇಡಿಕೊಂಡಾಗ ರಾವಣ ಹಾಕಿದ ಷರತ್ತು ಏನು ಗೊತ್ತಾ? ಇಂದ್ರನೂ ಲೋಕಪಾಲರೂ ಲಂಕೆಯ ಬೀದಿ ಗುಡಿಸಬೇಕು. ಓದುವಾಗ ನಾನು ನಕ್ಕಿದ್ದೇನೆ. ಬಿಡುಗಡೆಯಾದ ಮೇಲೆ ಇಂದ್ರ ರಾಜ್ಯ ಬಿಟ್ಟು ಮುನಿಯಾದ.

ರಾವಣನ ಗತಿ? ಕನ್ನಡದಲ್ಲಿ ಜೈನ ರಾಮಾಯಣ ಬರೆದ ನಮ್ಮ ಕವಿ ನಾಗಚಂದ್ರನನ್ನು ಓದಿದವರಿಗೆ ಗೊತ್ತು. ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲ ಅಂತ ರಾವಣನಿಗೆ ವ್ರತ. ಬಹುರೂಪಿಣಿ ವಿದ್ಯೆಯನ್ನು ಸಾಧಿಸಿ ಎದ್ದು ಬಂದು ಸೀತೆಯನ್ನು ಬೆದರಿಸುತ್ತಾನೆ. ಅವಳು ಮೂರ್ಛೆ ಹೋಗುತ್ತಾಳೆ. ಅಲ್ಲಿ ಅವನ ಮನಸ್ಸು ತಿರುಗುತ್ತದೆ. ಇವಳನ್ನು ಹಿಂದಕ್ಕೆ ಕೊಡಬೇಕು, ಆದರೆ ಯುದ್ಧದಲ್ಲಿ ಗೆದ್ದ ಮೇಲೆ ಕೊಡಬೇಕು. ಆ 'ಆದರೆ' ಅವನನ್ನು ತಿಂದಿತು. ರಣದಲ್ಲಿ ಅವನು ಎಸೆದ ಚಕ್ರ ಲಕ್ಷ್ಮಣನನ್ನು ಕೊಲ್ಲಲಿಲ್ಲ, ಲಕ್ಷ್ಮಣನ ಕೈಗೇ ಬಂದು ನಿಂತಿತು. ಅದೇ ಚಕ್ರ ರಾವಣನನ್ನು ಕೊಂದಿತು.

ಈಗ ಅಲಕಾಪುರಕ್ಕೆ ಬರೋಣ. ಈ ಊರಿನ ಹಳೆಯ ಅರಸರ ಕಥೆ ನಮಗೆ ತಿಳಿಯುವುದು ಒಬ್ಬ ಮಂತ್ರಿಯ ಬಾಯಿಂದ. ಆ ಸಭೆಗೆ ಆಮೇಲೆ ಹೋಗೋಣ. ಮೊದಲು ಅರವಿಂದನ ಕಥೆ ಕೇಳಿ.

ಅರವಿಂದ ಅಲಕಾಪುರದ ದೊಡ್ಡ ಅರಸ. ಅವನಿಗೆ ದಾಹಜ್ವರ ಬಂತು. ಮೈಯೆಲ್ಲ ಉರಿ. ಹಾರಿಹೋಗಿ ತಂಪಾದ ಕಾಡಿನಲ್ಲಿ ಇರೋಣ ಅಂದುಕೊಂಡ. ವಿದ್ಯೆ ಏಳಲಿಲ್ಲ. ಹಿರಿಯ ಮಗ ಹರಿಚಂದ್ರನನ್ನು ಕರೆದು, ನಿನ್ನ ವಿದ್ಯೆಯಿಂದ ನನ್ನನ್ನು ಕಳಿಸು ಅಂದ. ಮಗನ ವಿದ್ಯೆಯೂ ಅವನ ಮೇಲೆ ನಡೆಯಲಿಲ್ಲ. ಪುಣ್ಯ ತೀರಿತ್ತು. ಆಕಾಶದಲ್ಲಿ ಓಡಾಡಿದ ಮನುಷ್ಯ ಹಾಸಿಗೆ ಬಿಟ್ಟು ಏಳಲಾರ. ಹಾಗೆ ಬಿದ್ದಿದ್ದಾಗ ಮೇಲೆ ಎರಡು ಹಲ್ಲಿಗಳು ಕಚ್ಚಾಡಿದವು. ಒಂದರ ಬಾಲ ತುಂಡಾಗಿ ರಕ್ತದ ಹನಿ ಅವನ ಮೈಮೇಲೆ ಬಿತ್ತು. ಬಿದ್ದ ಕಡೆ ತಂಪಾಯಿತು.

ಅಷ್ಟೇ ಸಾಕಾಯಿತು. ಕಿರಿಯ ಮಗ ಕುರುವಿಂದನನ್ನು ಕರೆದು, ಕಾಡಿನಲ್ಲಿ ಜಿಂಕೆಗಳಿವೆ, ಕೊಂದು ಅವುಗಳ ರಕ್ತದಿಂದ ಒಂದು ಬಾವಿ ತುಂಬಿಸು, ಅದರಲ್ಲಿ ಮೀಯಬೇಕು ಅಂದ. ಮಗ ಹೆದರಿದ. ತಂದೆಯ ಮಾತು ಮೀರುವಂತಿಲ್ಲ, ಅಷ್ಟು ಜೀವ ತೆಗೆಯುವಂತೆಯೂ ಇಲ್ಲ. ಬಾವಿಗೆ ಅರಗಿನ ಕೆಂಪು ನೀರು ತುಂಬಿಸಿದ. ಮುದುಕ ಖುಷಿಯಿಂದ ಇಳಿದ, ಆಡಿದ, ಬಾಯಿ ಮುಕ್ಕಳಿಸಿದ. ರುಚಿ ಬೇರೆ. ಮೋಸ ತಿಳಿಯಿತು. ಕತ್ತಿ ಹಿರಿದು ಮಗನನ್ನು ಕೊಲ್ಲಲು ಓಡಿದ, ಎಡವಿದ, ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತ.

ಈ ಕಥೆಯನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಆಸ್ಪತ್ರೆಯಲ್ಲಿದ್ದ ನಮ್ಮ ದೊಡ್ಡಪ್ಪ. ಊರಿಗೇ ಬುದ್ಧಿ ಹೇಳುತ್ತಿದ್ದವರು. ಕೊನೆಯ ತಿಂಗಳಲ್ಲಿ ಯಾರು ಏನು ಹೇಳಿದರೂ ನಂಬಿ ಔಷಧಿ ತರಿಸುತ್ತಿದ್ದರು. ನಾವೂ ಬಣ್ಣದ ನೀರು ಕೊಟ್ಟೆವು ಅಂತಿಟ್ಟುಕೊಳ್ಳಿ. ಆ ವಿಷಯ ಇರಲಿ.

ಇನ್ನೊಬ್ಬ ಅರಸ ದಂಡ. ಇವನಿಗೆ ಭಂಡಾರದ ಮೇಲೆ ಪ್ರಾಣ. ಸತ್ತು ತನ್ನ ಭಂಡಾರದಲ್ಲೇ ಹೆಬ್ಬಾವಾಗಿ ಹುಟ್ಟಿದ. ಮಗ ಮಣಿಮಾಲಿ ಒಬ್ಬನನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಸೇರಿಸುತ್ತಿರಲಿಲ್ಲ. ಇದು ನಿನ್ನ ಅಪ್ಪನೇ ಅಂತ ಒಬ್ಬ ಮುನಿ ಹೇಳಿದ. ಮಣಿಮಾಲಿ ಹಾವಿನ ಮುಂದೆ ಕೂತು ತಿಳಿಹೇಳಿದ. ಹಾವು ಆಹಾರ ಬಿಟ್ಟು ಸತ್ತು ದೇವತೆಯಾಯಿತು. ತಿರುಗಿ ಬಂದು ಮಗನಿಗೆ ಒಂದು ರತ್ನದ ಹಾರ ಕೊಟ್ಟಿತು. ಆ ಹಾರ ಮುಂದೆ ವಂಶದಲ್ಲಿ ಉಳಿಯಿತು.

ಈಗ ಸಭೆ. ಅಲಕಾಪುರದ ಅರಸ ಮಹಾಬಲನ ಹುಟ್ಟುಹಬ್ಬ. ಸಭೆಯಲ್ಲಿ ನಾಲ್ವರು ಮಂತ್ರಿಗಳು: ಮಹಾಮತಿ, ಸಂಭಿನ್ನಮತಿ, ಶತಮತಿ, ಸ್ವಯಂಬುದ್ಧ. ಸ್ವಯಂಬುದ್ಧ ಎದ್ದು, ಈ ಸಿರಿಯೆಲ್ಲ ಧರ್ಮದಿಂದ ಬಂದದ್ದು, ಧರ್ಮ ಮಾಡು ಅನ್ನುತ್ತಾನೆ. ಉಳಿದ ಮೂವರು ಬಿಡುತ್ತಾರೆಯೇ? ಮಹಾಮತಿ ಚಾರ್ವಾಕರ ಕಡೆ. ಜೀವ ಅಂತ ಬೇರೆ ಏನಿಲ್ಲ, ಹಿಟ್ಟು ಬೆಲ್ಲ ಸೇರಿ ಮದ ಬಂದ ಹಾಗೆ ಭೂತಗಳು ಸೇರಿ ಚೈತನ್ಯ ಬಂದಿದೆ. ಸಂಭಿನ್ನಮತಿ ಹೇಳುತ್ತಾನೆ, ಇರುವುದು ಅರಿವೊಂದೇ, ಹೊರಗೆ ವಸ್ತುವಿಲ್ಲ. ಶತಮತಿ ಎಲ್ಲಾ ಶೂನ್ಯ ಅನ್ನುತ್ತಾನೆ. ಪರಲೋಕಕ್ಕೆ ಹೆದರುವವರನ್ನು ಗೇಲಿ ಮಾಡಲು ಎರಡು ಹೋಲಿಕೆಗಳು ಬರುತ್ತವೆ. ಒಂದು, ಬಾಯಲ್ಲಿದ್ದ ಮಾಂಸ ಬಿಟ್ಟು ಮೀನಿಗೆ ಹಾರಿ ಎರಡನ್ನೂ ಕಳೆದುಕೊಂಡ ನರಿ. ಇನ್ನೊಂದು, ಆಕಾಶ ಮೇಲೆ ಬಿದ್ದೀತು ಅಂತ ಕಾಲು ಮೇಲೆತ್ತಿ ಮಲಗುವ ಟಿಟ್ಟಿಭ ಹಕ್ಕಿ.

ನನಗೆ ಇಲ್ಲಿ ಆಶ್ಚರ್ಯ ಏನೆಂದರೆ, ಇದು ಮಾಂತ್ರಿಕರ ಸಭೆ. ಆದರೆ ಯಾರೂ ಮಂತ್ರ ಹಾಕುವುದಿಲ್ಲ. ಯಾರೂ ಎದುರಾಳಿಯನ್ನು ಕಲ್ಲು ಮಾಡುವುದಿಲ್ಲ. ವಾದ ಮಾಡುತ್ತಾರೆ! ಅರಸನ ಮುಂದೆ, ಅರಸನ ಹುಟ್ಟುಹಬ್ಬದ ದಿನ, ಆತ್ಮ ಇದೆಯೋ ಇಲ್ಲವೋ ಅಂತ ಜಗಳ. ಸ್ವಯಂಬುದ್ಧ ಒಬ್ಬೊಬ್ಬರಿಗೂ ಉತ್ತರ ಕೊಡುತ್ತಾನೆ. ಆಮೇಲೆ ತರ್ಕ ಸಾಕು ಅಂತ ಅರಸನ ಮನೆತನದ ಕಥೆಗೇ ಇಳಿಯುತ್ತಾನೆ. ಅರವಿಂದ ಹೀಗೆ ಸತ್ತ, ದಂಡ ಹೀಗೆ ಹಾವಾದ. ದೊರೆಯೇ, ಆ ಹಾವು ಕೊಟ್ಟ ಹಾರ ಇವತ್ತೂ ನಿನ್ನ ಎದೆಯ ಮೇಲೇ ಇದೆ. ಸಭೆಯೆಲ್ಲ ಆ ಹಾರದ ಕಡೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡಂತೆ ಅನಿಸುತ್ತದೆ.

ಇದನ್ನು ಬರೆದವರು ಕೂತಿದ್ದ ಊರುಗಳನ್ನೂ ನೋಡಬೇಕು. ಸಂಸ್ಕೃತದಲ್ಲಿ ಹೇಳಿದ ಜಿನಸೇನ 9ನೇ ಶತಮಾನದವನು, ರಾಷ್ಟ್ರಕೂಟ ಅಮೋಘವರ್ಷ ಅವನನ್ನು ಗುರುವಾಗಿ ಕಂಡ. ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದೇ ಕಥೆಯನ್ನು ಪಂಪ 941ರಲ್ಲಿ ಆದಿಪುರಾಣದಲ್ಲಿ ಕನ್ನಡಕ್ಕೆ ತಂದ. ಮೂರೇ ತಿಂಗಳಲ್ಲಿ ಬರೆದನಂತೆ. ಅವನ ದೊರೆ ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ಪಂಪ ಅರಮನೆಯನ್ನು ಹತ್ತಿರದಿಂದ ನೋಡಿದ್ದ, ಕತ್ತಿಯನ್ನೂ ಹಿಡಿದಿದ್ದ. 972ರಲ್ಲಿ ಪರಮಾರರ ಸೀಯಕ ಬಂದು ಮಾನ್ಯಖೇಟವನ್ನು ಸೂರೆ ಮಾಡಿದ. ಈಗ ಮಳಖೇಡಕ್ಕೆ ಹೋದರೆ ಕಾಗಿಣಾ ನದಿಯ ದಂಡೆಯಲ್ಲಿ ಹಳೆಯ ಕೋಟೆ ಇದೆ.

ಹಾಗಂತ ವಿದ್ಯಾಧರರು ಪುಸ್ತಕದಲ್ಲೇ ಉಳಿಯಲಿಲ್ಲ. ಶಿಲಾಹಾರ ಅರಸರು ತಾವು ವಿದ್ಯಾಧರ ಜೀಮೂತವಾಹನನ ವಂಶದವರು ಅಂತ ಶಾಸನಗಳಲ್ಲಿ ಬರೆಸಿಕೊಂಡರು. ನಾಗನೊಬ್ಬನನ್ನು ಉಳಿಸಲು ತನ್ನ ಮೈಯನ್ನೇ ಗರುಡನಿಗೆ ಒಪ್ಪಿಸಿದವನು ಜೀಮೂತವಾಹನ. ಅಷ್ಟೊಂದು ಮಾಂತ್ರಿಕ ಅರಸರಲ್ಲಿ ಇವನನ್ನೇ ಆರಿಸಿಕೊಂಡರಲ್ಲ, ಒಳ್ಳೆಯ ಆಯ್ಕೆ.

ಮಹಾಬಲನ ಕಥೆ ಮುಗಿಸಿಬಿಡುತ್ತೇನೆ. ಅವನಿಗೆ ಒಂದು ಕನಸು ಬಿತ್ತು. ಮೂವರು ಮಂತ್ರಿಗಳು ಅವನನ್ನು ಕೆಸರಿಗೆ ನೂಕುತ್ತಿದ್ದಾರೆ, ಸ್ವಯಂಬುದ್ಧ ಎತ್ತಿ ಸ್ನಾನ ಮಾಡಿಸುತ್ತಿದ್ದಾನೆ. ಇನ್ನೊಂದು ಕನಸಿನಲ್ಲಿ ಒಂದು ಜ್ವಾಲೆ ಸಣ್ಣಗಾಗುತ್ತಾ ಹೋಯಿತು. ಅಷ್ಟರಲ್ಲಿ ಸ್ವಯಂಬುದ್ಧ ಮೇರುವಿನಲ್ಲಿ ಮುನಿಗಳನ್ನು ಕಂಡು ಬಂದಿದ್ದ. ಅರಸನಿಗೆ ಉಳಿದಿರುವುದು ಒಂದೇ ತಿಂಗಳು ಅಂತ ಹೇಳಿದ. ಮಹಾಬಲ ಕೋಪಿಸಿಕೊಳ್ಳಲಿಲ್ಲ, ವೈದ್ಯರನ್ನು ಕರೆಸಲಿಲ್ಲ. ಮಗನಿಗೆ ರಾಜ್ಯ ಕೊಟ್ಟ. 8 ದಿನ ಪೂಜೆ ಮಾಡಿಸಿದ. ಆಮೇಲೆ ಬೆಟ್ಟದ ಮೇಲಿನ ಸಿದ್ಧಕೂಟದ ಬಸದಿಗೆ ಹೋಗಿ ಅನ್ನ ಬಿಟ್ಟು ಕೂತ.

ಮನಸ್ಸು ಮಾಡಿದರೆ ಮೇರುವಿನ ತನಕ ಹಾರಬಲ್ಲವನು 22 ದಿನ ಆ ಜಾಗ ಬಿಟ್ಟು ಕದಲಲಿಲ್ಲ. ಪಕ್ಕದಲ್ಲಿ ಸ್ವಯಂಬುದ್ಧ ಕೊನೆಯವರೆಗೂ ಕೂತಿದ್ದ.

ಟೀ ಬಂದಿದೆ ಅಂತ ಕಾಣುತ್ತದೆ. ಪ್ರಶ್ನೆಗಳಿದ್ದರೆ ಅಲ್ಲೇ ನಿಂತು ಮಾತಾಡೋಣ. ನಮಸ್ಕಾರ.