ಅಚ್ಚಿಗೆ ಹೋಗುವ ಮುಂಚೆ ಓದಿದ್ದು ಯಾರು?

(ಪತ್ರಿಕಾ ದಿನಾಚರಣೆಯಲ್ಲಿ ಮಾಡಿದ ಭಾಷಣ)

ಎಲ್ಲರಿಗೂ ನಮಸ್ಕಾರ. ಜುಲೈ 1 ಬಂತು ಅಂದರೆ ಕನ್ನಡದ ಮೊದಲ ಪತ್ರಿಕೆ ತಂದ ಮೋಗ್ಲಿಂಗ್ ಅವರನ್ನು ನೆನೆಯಬೇಕು. 1843, ಮಂಗಳೂರು ಸಮಾಚಾರ, ಕಲ್ಲಚ್ಚು ಎಲ್ಲವನ್ನೂ ಹೇಳಬೇಕು. ನನಗಿಂತ ಮುಂಚೆ ಮಾತಾಡಿದವರೆಲ್ಲ ಹೇಳಿಯಾಗಿದೆ. ಹಾಗಾಗಿ ನಾನು ಸೀದಾ ಚಿಕಾಗೊಗೆ ಹೋಗುತ್ತೇನೆ.

2025ರ ಮೇ 18, ಭಾನುವಾರ. ಚಿಕಾಗೊ ಸನ್-ಟೈಮ್ಸ್ ಪತ್ರಿಕೆಯ ಜೊತೆ ಒಂದು ಪುರವಣಿ ಬಂತು. ಬೇಸಿಗೆಯಲ್ಲಿ ಓದಲು 15 ಪುಸ್ತಕಗಳ ಪಟ್ಟಿ ಅದರಲ್ಲಿತ್ತು. ಇಸಬೆಲ್ ಅಲೆಂಡೆ ಇದ್ದಾರೆ, ಆ್ಯಂಡಿ ವಿಯರ್ ಇದ್ದಾರೆ, ಎಲ್ಲ ದೊಡ್ಡ ಹೆಸರುಗಳೇ. ಒಂದೊಂದು ಪುಸ್ತಕಕ್ಕೂ ಕಥೆಯ ಸಾರಾಂಶ ಬೇರೆ. ತೊಂದರೆ ಏನಪ್ಪಾ ಅಂದರೆ, 15ರಲ್ಲಿ 10 ಪುಸ್ತಕಗಳನ್ನು ಯಾರೂ ಬರೆದೇ ಇಲ್ಲ! ಅವನ್ನು ಹುಟ್ಟಿಸಿದ್ದು ಎಐ, ಅಂದರೆ ಕೃತಕ ಬುದ್ಧಿಮತ್ತೆ. ಅಲೆಂಡೆ ಹೆಸರಲ್ಲಿ ‘ಟೈಡ್‌ವಾಟರ್ ಡ್ರೀಮ್ಸ್’ ಅಂತ ಒಂದು ಕಾದಂಬರಿ. ಪಾಪ, ಅವರಿಗೇ ಗೊತ್ತಿಲ್ಲದ ಕಾದಂಬರಿ. ವಿಯರ್ ಹೆಸರಿಗೆ ಹಾಕಿದ್ದ ಕಥೆ ಏನು ಗೊತ್ತಾ? ಒಂದು ಎಐಗೆ ಪ್ರಜ್ಞೆ ಬಂದು, ಅದು ಗುಟ್ಟಾಗಿ ಜಗತ್ತನ್ನೇ ಆಡಿಸುತ್ತದಂತೆ. ಆತ್ಮಕಥೆ ಬರೆದುಕೊಂಡು ಬೇರೆಯವರ ಹೆಸರು ಹಾಕಿದೆ ನೋಡಿ! ನಗಬೇಡಿ, ಇನ್ನೂ ಇದೆ.

ಆ ಪುರವಣಿ ಪತ್ರಿಕೆಯ ಡೆಸ್ಕಿನಲ್ಲಿ ತಯಾರಾದದ್ದಲ್ಲ. ಕಿಂಗ್ ಫೀಚರ್ಸ್ ಎಂಬ ಸಿಂಡಿಕೇಟ್, ಅಂದರೆ ಹಲವು ಪತ್ರಿಕೆಗಳಿಗೆ ಬರಹ ಮಾರುವ ಸಂಸ್ಥೆ, ಒದಗಿಸಿದ್ದು. ಫಿಲಡೆಲ್ಫಿಯಾ ಇನ್‌ಕ್ವೈರರ್‌ನಲ್ಲೂ ಬಂತು. ಎಐ ಬಳಸಿದ್ದು ನಿಜ, ಸರಿನೋಡಲಿಲ್ಲ ಅಂತ ಬರೆದವರು ಒಪ್ಪಿಕೊಂಡರು. ಬೈಗುಳವೆಲ್ಲ ಅವರ ತಲೆಗೆ. ಇರಲಿ, ಬರೆದವರು ಓದಲಿಲ್ಲ. ಸಿಂಡಿಕೇಟಿನಲ್ಲಿ ಓದಿದ್ದು ಯಾರು? ಪತ್ರಿಕೆಯಲ್ಲಿ ಯಾರು? ಅದೇ ವರ್ಷ ಮಾರ್ಚ್‌ನಲ್ಲಿ ಸನ್-ಟೈಮ್ಸ್‌ನ ಸುಮಾರು ಐದನೇ ಒಂದು ಭಾಗ ಸಿಬ್ಬಂದಿ ಸ್ವಯಂ ನಿವೃತ್ತಿ ಹಣ ತಗೊಂಡು ಹೊರಟಿದ್ದರು. ಈ ಭಾಗವನ್ನು ಎಐ ಮೇಲೆ ಜೋಕ್ ಮಾಡುವವರು ಯಾರೂ ಹೇಳಲ್ಲ.

ನಮ್ಮಲ್ಲೂ ಅಷ್ಟೇ ಅಲ್ವಾ? ಸೀಸದ ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಒಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಪ್ರೂಫ್ ಮೇಲೆ ಬೆರಳಿಟ್ಟುಕೊಂಡು ತಿದ್ದುತ್ತಿದ್ದರು. ಕಂಪ್ಯೂಟರಿನಲ್ಲೇ ಪುಟ ಕಟ್ಟುವ ಡಿಟಿಪಿ ಬಂತು. ಮೊಳೆ ಜೋಡಿಸುವವರು ಹೋದರು. ಮೊಳೆಯೇ ಇಲ್ಲವಲ್ಲ, ಏನು ಮಾಡೋದು. ಆದರೆ ಪ್ರೂಫ್ ನೋಡುವವರು ಯಾಕೆ ಹೋದರು? ತಪ್ಪುಗಳೇನೂ ಕೆಲಸ ಬಿಟ್ಟು ಹೋಗಿರಲಿಲ್ಲ!

ನಾನು ಟ್ರೈನಿಯಾಗಿದ್ದಾಗ ಹಿರಿಯ ಪ್ರೂಫ್ ರೀಡರ್ ಒಬ್ಬರಿದ್ದರು. ಸಂಪಾದಕೀಯವನ್ನು ಒಂದೇ ಸಲ ನೋಡುತ್ತಿದ್ದರು, ಶ್ರದ್ಧಾಂಜಲಿ ಜಾಹೀರಾತನ್ನು ಎರಡು ಸಲ. ‘ಸುದ್ದಿ ತಪ್ಪಾದರೆ ನಾಳೆ ತಿದ್ದುಪಡಿ ಹಾಕ್ತೀರಿ. ಬದುಕಿರುವವರ ಹೆಸರು ಇದರಲ್ಲಿ ಬಂದರೆ ಏನು ಹಾಕ್ತೀರಿ?’ ಅನ್ನೋರು. 2025ರ ಜುಲೈನಲ್ಲಿ ಅವರ ನೆನಪು ಜಾಸ್ತಿ ಆಯಿತು. ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಅಂತಿಮ ದರ್ಶನ ಪಡೆದರು ಅಂತ ಕನ್ನಡದಲ್ಲಿ ಪೋಸ್ಟ್ ಬಂತು. ಫೇಸ್‌ಬುಕ್ ನಡೆಸುವ ಮೆಟಾದ ಯಂತ್ರ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಮುಖ್ಯಮಂತ್ರಿಯನ್ನೇ ಸಾಯಿಸಿಬಿಟ್ಟಿತು. ಮೆಟಾ ಕ್ಷಮೆ ಕೇಳಿತು, ಸರಿಪಡಿಸಿದ್ದೇವೆ ಅಂದಿತು. ಸರಿ, ಹಾಕುವ ಮುಂಚೆ ಓದಿದ್ದು ಯಾರು?

ನಿಮ್ಮ ಪತ್ರಿಕೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲಿರುತ್ತದೆ. ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು ಅಂತ. ಮುದ್ರಕರ, ಪ್ರಕಾಶಕರ ಹೆಸರು ಹಾಕಲೇಬೇಕು ಅಂತ 1867ರಲ್ಲೇ ಕಾಯ್ದೆ ಆಯಿತು. ಬ್ರಿಟಿಷರು ತಂದದ್ದು ನಮ್ಮ ಮೇಲೆ ಕಣ್ಣಿಡೋಕೆ, ನಮ್ಮ ಉದ್ಧಾರಕ್ಕಲ್ಲ ಬಿಡಿ. 2023ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು, ಆ ಸಾಲು ಮಾತ್ರ ಹಾಗೇ ಇದೆ. ಮಾನನಷ್ಟದ ನೋಟಿಸ್ ಬಂದರೆ ಆ ಹೆಸರಿಗೇ ಬರುತ್ತದೆ. ಎಐ ಹೆಸರಿಗೆ ಯಾವ ಅಂಚೆಯವರೂ ನೋಟಿಸ್ ತಂದುಕೊಡಲ್ಲ. ಹೊಣೆ ನಿಮ್ಮದು ಅಂತಾದ ಮೇಲೆ ಓದದೆ ಬಿಡೋಕೆ ಧೈರ್ಯ ಹೇಗೆ ಬರುತ್ತೆ ನಿಮಗೆ?

ಚೀಟಿ ಬಂತು. ಎರಡೇ ನಿಮಿಷ ಅಂತೆ.

ಹಕ್ಕುಸ್ವಾಮ್ಯದ ಬಗ್ಗೆ ವಿವರವಾಗಿ ಹೇಳಬೇಕು ಅಂದುಕೊಂಡಿದ್ದೆ. ನಮ್ಮ ಸುದ್ದಿ ಬಳಸಿಕೊಂಡಿದ್ದಾರೆ ಅಂತ ಸುದ್ದಿ ಸಂಸ್ಥೆ ಎಎನ್‌ಐ 2024ರಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ಮೇಲೆ ದೆಹಲಿ ಹೈಕೋರ್ಟಿಗೆ ಹೋಗಿದೆ. ಅಮೆರಿಕದಲ್ಲಿ ಲೇಖಕರು ಹೂಡಿದ ಮೊಕದ್ದಮೆಯಲ್ಲಿ ಎಐ ಕಂಪನಿ ಆಂಥ್ರೊಪಿಕ್ 2025ರಲ್ಲಿ 150 ಕೋಟಿ ಡಾಲರ್ ಕೊಡಲು ಒಪ್ಪಿತು. ಕನ್ನಡ ಪ್ರಕಾಶಕರು ಇದನ್ನು ಗಮನಿಸಬೇಕು. ಟಿವಿಯ ಎಐ ನಿರೂಪಕಿಯರ ವಿಷಯ ಬಿಟ್ಟೇಬಿಡೋಣ.

ಮುಂದಿನ ಸಾಲಿನಲ್ಲಿ ಮಾಲೀಕರು ಕೂತಿದ್ದೀರಿ, ನಿಮಗೆ ಒಂದು ಮಾತು. ಎಐ ಚಂದಾಕ್ಕೆ ಬಜೆಟ್‌ನಲ್ಲಿ ಹಣ ಇಡುತ್ತೀರಲ್ಲ, ಅದರ ಕೆಳಗೆ ರಾತ್ರಿ ಪಾಳಿಯ ಒಬ್ಬ ಪ್ರೂಫ್ ರೀಡರ್ ಸಂಬಳವನ್ನೂ ಬರೆಯಿರಿ. ಒಬ್ಬರು ಸಾಕು ಅಂತಲ್ಲ, ಶುರುವಿಗೆ. ಹಿಂದೆ ಕೂತ ಟ್ರೈನಿಗಳೇ, ಯಂತ್ರ ಕೊಟ್ಟ ಕಾಪಿಯಲ್ಲಿ ಹೆಸರು, ಊರು, ತಾರೀಖು ಇಷ್ಟನ್ನಾದರೂ ಫೋನ್ ಮಾಡಿ ಕೇಳಿಕೊಳ್ಳಿ. ಉಳಿದದ್ದನ್ನು ಊಟದ ಹೊತ್ತಲ್ಲಿ ಮಾತಾಡೋಣ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನಮಸ್ಕಾರ.