ಶಾಪ ಮಾರುವ ಅಂಗಡಿ

ಕೇಳುಗರಿಗೆ ನಮಸ್ಕಾರ.

ಮೈಸೂರು, ಮಂಡ್ಯ ಕಡೆಯ ಪೇಟೆ ಬೀದಿಗಳಲ್ಲಿ ಗ್ರಂಥಿಗೆ ಅಂಗಡಿಗಳಿಗೆ ಕೊರತೆ ಇಲ್ಲ. ಕರ್ಪೂರ, ಸಾಂಬ್ರಾಣಿ, ಅರಿಶಿನದ ಕೊಂಬು, ಬಾಣಂತಿ ಸಾಮಾನು, ಲಾವಂಚದ ಬೇರು, ಎಲ್ಲಾ ಒಂದೇ ಕಡೆ ಸಿಗುತ್ತದೆ. ಹೆಚ್ಚಿನವರು ಮರ್ಯಾದೆಯಿಂದ ವ್ಯಾಪಾರ ಮಾಡುವವರೇ. ನಾನು ಹೇಳಹೊರಟಿರುವುದು ಅವರ ವಿಷಯ ಅಲ್ಲ. ಅಂಥದ್ದೇ ಅಂಗಡಿ ಇಟ್ಟುಕೊಂಡು, ಗಲ್ಲಾಪೆಟ್ಟಿಗೆ ಕೆಳಗೆ ಇನ್ನೊಂದು ವ್ಯಾಪಾರ ನಡೆಸುವ ಒಬ್ಬ ಆಸಾಮಿ ಇರುತ್ತಾನಲ್ಲ, ಅವನ ವಿಷಯ.

ಅವನ ಬೋರ್ಡಿನಲ್ಲಿ ಪೂಜಾ ಸಾಮಗ್ರಿ ಅಂತಷ್ಟೇ ಇರುತ್ತದೆ. ಅದಕ್ಕೆ ಕಾರಣ ಉಂಟು. ಮಾಂತ್ರಿಕ ಪರಿಹಾರಗಳ ಜಾಹೀರಾತಿನ ಮೇಲೆ 1954ರಲ್ಲೇ ಕೇಂದ್ರದ ಕಾಯ್ದೆ ಬಂತು. ಆ ಕಾಯ್ದೆಯಲ್ಲಿ ತಾಯತ, ಮಂತ್ರ, ಕವಚ ಇವುಗಳ ಹೆಸರೇ ಇದೆ. ಇವುಗಳಿಂದ ಇಂಥಿಂಥ ಕಾಯಿಲೆ ವಾಸಿ ಆಗುತ್ತದೆ ಅಂತ ಸಾರುವ ಹಾಗಿಲ್ಲ. ಹಾಗಾಗಿ ಇವನು ಬರೆಯುವುದಿಲ್ಲ, ಪಿಸುಗುಟ್ಟುತ್ತಾನೆ.

‘ಅಣ್ಣಾ, ಇದ್ನ ಎಲ್ರುಗೂ ತೋರ್ಸಕಿಲ್ಲ ನಾನು. ನಿಮ್ ಮಕ ನೋಡಿ ತೆಗೀತಾ ಇವ್ನಿ.’

ಕೆಂಪು ಬಟ್ಟೆಯ ಗಂಟು ಬಿಚ್ಚುತ್ತಾನೆ. ಎಲ್ಲಿಯದು ಅಂತ ಕೇಳಿದರೆ ಉತ್ತರ ಒಂದೇ, ಕೊಳ್ಳೇಗಾಲದ್ದು. ಪಾಪ ಕೊಳ್ಳೇಗಾಲ! ರೇಷ್ಮೆಗೆ ಹೆಸರಾದ ಊರು. 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಗ ಚಾಮರಾಜನಗರ ಜಿಲ್ಲೆಯಲ್ಲಿದೆ. ಯಾವ ಜಿಲ್ಲೆಗೆ ಹೋದರೂ ಮಾಟದ ಹಣೆಪಟ್ಟಿ ಮಾತ್ರ ಅದರ ಬೆನ್ನು ಬಿಟ್ಟಿಲ್ಲ.

ಗಂಟಿನೊಳಗೆ ಏನಿರುತ್ತದೆ? ಒಂದು ನರಿಕೊಂಬು ಇರಬಹುದು. ಬೆಳಿಗ್ಗೆ ನರಿ ಮುಖ ನೋಡಿದರೆ ಅದೃಷ್ಟ ಅನ್ನುವ ಜನ ನಾವು. ಇನ್ನು ಅದರ ಕೊಂಬೇ ಸಿಕ್ಕಿದರೆ ಕೇಳಬೇಕೆ? ಆದರೆ ನರಿಗೆ ಕೊಂಬು ಇರುವುದಿಲ್ಲ, ಅಲ್ವಾ. ಇನ್ನೊಂದು, ಅಕ್ಕಿ ಎಳೆಯುವ ತಾಮ್ರದ ಚೊಂಬು. ರೈಸ್ ಪುಲ್ಲರ್ ಅಂತ ಪೇಪರಿನಲ್ಲಿ ಓದಿರುತ್ತೀರಿ. ಸಿಡಿಲು ಬಡಿದು ಶಕ್ತಿ ಬಂದಿದೆ, ವಿದೇಶದವರು ಕೋಟಿ ಕೊಟ್ಟು ಕೊಳ್ಳುತ್ತಾರೆ ಅನ್ನುತ್ತಾರೆ. ಅಕ್ಕಿಗೆ ಕಬ್ಬಿಣದ ಪುಡಿ ಸವರಿ, ಚೊಂಬಿನೊಳಗೆ ಅಯಸ್ಕಾಂತ ಅಡಗಿಸಿಟ್ಟರೆ ಆಯಿತು. ಸುಮ್ನೆ ಮನೆ ಅಕ್ಕಿ ಒಂದು ಹಿಡಿ ತೆಗೆದುಕೊಂಡು ಹೋಗಿ ಹಿಡಿಯಿರಿ. ಒಂದು ಕಾಳೂ ಅಲ್ಲಾಡುವುದಿಲ್ಲ.

ಎರಡು ತಲೆ ಹಾವಿನದು ಬೇಸರದ ಕಥೆ. ನಮ್ಮ ರೈತರು ಮಣ್ಣುಮುಕ್ಕ ಅಂತ ಕರೆಯುವ ಹಾವು ಅದು. ವಿಷ ಇಲ್ಲ. ಬಾಲ ಮೊಂಡು, ಅದಕ್ಕೆ ತಲೆಯ ಹಾಗೆ ಕಾಣುತ್ತದೆ, ಅಷ್ಟೇ. ಗದ್ದೆಯಲ್ಲಿ ಇಲಿ ತಿನ್ನುತ್ತದೆ. ಅಂಥದ್ದನ್ನು ಹಿಡಿದು, ನಿಧಿ ತೋರಿಸುತ್ತದೆ ಅಂತ ಗೋಣಿಚೀಲದಲ್ಲಿ ತುಂಬಿ, ತೂಕದ ಲೆಕ್ಕದಲ್ಲಿ ಮಾರುತ್ತಾರೆ.

ಆದರೆ ಗಂಟಿನ ನಿಜವಾದ ಸರಕು ಹತ್ತಾ ಜೋಡಿ. ಎರಡು ಕೈ ಮುಗಿದ ಹಾಗೆ ಕಾಣುವ ಒಣಗಿದ ಬೇರು, ಕಾಡಿನಲ್ಲಿ ಅಪರೂಪಕ್ಕೆ ಸಿಗುತ್ತದೆ, ಕುಂಕುಮದ ಭರಣಿಯಲ್ಲಿಟ್ಟು ಪೂಜೆ ಮಾಡಿದರೆ ಕೋರ್ಟು ಕೇಸು ಗೆಲ್ಲುತ್ತದೆ ಅನ್ನುತ್ತಾನೆ. ಅದು ಬೇರಲ್ಲ. ಗಂಡು ಉಡದ ಜನನಾಂಗ ಕೊಯ್ದು ಒಣಗಿಸಿದ್ದು. 2017ರಲ್ಲಿ ಸಂಶೋಧಕರು ಇದನ್ನು ಬಯಲು ಮಾಡಿದರು. ಪ್ಲಾಸ್ಟಿಕ್‌ನಲ್ಲಿ ಎರಕ ಹೊಯ್ದ ನಕಲಿಗಳೂ ಸಿಕ್ಕಿವೆ. ದೇವರ ಗೂಡಿನಲ್ಲಿ ಇಟ್ಟು ದಿನಾ ಊದುಬತ್ತಿ ಹಚ್ಚಿದವರಿಗೆ ಈ ಸಂಗತಿ ಹೇಗೆ ಹೇಳುವುದು, ನೀವೇ ಯೋಚಿಸಿ.

ಇಷ್ಟೂ ಸಾಮಾನಿನಲ್ಲಿ ಒಂದು ಸಂಗತಿ ನನ್ನನ್ನು ಬೆರಗುಗೊಳಿಸುತ್ತದೆ. ಒಳ್ಳೆಯದು ಮಾಡುತ್ತದೆ ಅಂತಷ್ಟೇ ಹೇಳಿದ ವಸ್ತು ಅಗ್ಗಕ್ಕೆ ಹೋಗುತ್ತದೆ. ಲಕ್ಷ್ಮಿ ತಗಡು ಜಾತ್ರೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ‘ಸರಿಯಾಗಿ ನಡ್ಕೊಳ್ದೇ ಇದ್ರೆ ಇದು ಮನೆಯವರನ್ನೇ ಕಾಡುತ್ತೆ’ ಅಂದ ವಸ್ತುವಿಗೆ ಮಾತ್ರ ಸಾವಿರ, ಲಕ್ಷ. ಯಾಕೆ ಗೊತ್ತಾ? ಆ ಶಾಪವೇ ಅಂಗಡಿಯವನ ರಕ್ಷಣೆ. ಫಲ ಸಿಗಲಿಲ್ಲ ಅಂತ ನೀವು ಹೋದರೆ, ಮಡಿ ತಪ್ಪಿದ್ದೀರಿ ಅನ್ನುತ್ತಾನೆ. ವಾಪಸ್ ತಗೋ ಅಂದರೆ, ಮನೆ ಹೊಕ್ಕ ವಸ್ತು ಹೊರಗೆ ಬಂದರೆ ವಂಶಕ್ಕೆ ಕೇಡು ಅನ್ನುತ್ತಾನೆ. ಆಮೇಲೆ ದೋಷ ಕಳೆಯಲು ಇನ್ನೊಂದು ಪೂಜೆ, ಇನ್ನೊಂದು ತಗಡು, ಇನ್ನೊಂದಿಷ್ಟು ದುಡ್ಡು. ಮಗುವಿಗೆ ಜ್ವರ ಬಂದರೂ ಅದೇ ಕಾರಣ, ಹಸು ಗೊಡ್ಡಾದರೂ ಅದೇ ಕಾರಣ. ಪೊಲೀಸರ ಹತ್ತಿರ ಹೋಗೋಣ ಅಂದರೆ ಅಲ್ಲೂ ಕಷ್ಟ. ಉಡದ ಅಂಗ ಕೊಂಡವನೂ 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಅಪರಾಧಿ. ಮೂರರಿಂದ ಏಳು ವರ್ಷ ಜೈಲು. ಮೋಸ ಹೋದವನು ಬಾಯಿ ಬಿಡಲಾರ, ಅಂಗಡಿಯವನಿಗೆ ಅದು ಚೆನ್ನಾಗಿ ಗೊತ್ತು.

ಇನ್ನೊಂದು ಅನುಕೂಲ ಅವನಿಗೆ ಈ ಸೀಮೆಯೇ ಕೊಟ್ಟಿದೆ. ಶಾಪ ಅಂದರೆ ನಾವು ನಗುವುದಿಲ್ಲ. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಅನ್ನುವುದನ್ನು ಹಾಲು ಕುಡಿಯುವಾಗಲೇ ಕೇಳಿದವರು ನಾವು. ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದದ್ದು 1610ರಲ್ಲಿ. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಜನ ಹೆಂಡತಿ ಅಲಮೇಲಮ್ಮ. ಅವಳ ಒಡವೆಗಳನ್ನು ರಂಗನಾಯಕಿ ಅಮ್ಮನವರಿಗೆ ಮಂಗಳವಾರ, ಶುಕ್ರವಾರ ತೊಡಿಸುತ್ತಿದ್ದರಂತೆ. ಒಡವೆ ತರಲು ಅರಮನೆಯ ಜನ ಬೆನ್ನು ಹತ್ತಿದಾಗ ಮುತ್ತಿನ ಮೂಗುತಿ ಒಪ್ಪಿಸಿ, ಶಾಪ ಹಾಕಿ, ಉಳಿದ ಒಡವೆ ಸಮೇತ ಕಾವೇರಿಗೆ ಹಾರಿದಳು ಅನ್ನುವುದು ಕಥೆ. ತಲಕಾಡಿನ ಮರಳಿಗೆ ನದಿಯ ತಿರುವು, ಗಾಳಿ, ನದಿಯ ಮೇಲ್ಭಾಗದಲ್ಲಿ ಕಟ್ಟಿದ ಮಾಧವ ಮಂತ್ರಿ ಅಣೆಕಟ್ಟು ಕಾರಣ ಅಂತ ವಿದ್ವಾಂಸರು ಹೇಳುತ್ತಾರೆ. ಇರಲಿ. ನಾನು ನೋಡುವುದು ಬೇರೆ. ಅಲಮೇಲಮ್ಮನ ಶಾಪಕ್ಕೆ ಹೆದರಿದ ದೊರೆ ಅವಳ ಮೂರ್ತಿ ಮಾಡಿಸಿ ಅರಮನೆಯಲ್ಲೇ ಪೂಜೆಗಿಟ್ಟರು. ಅನ್ಯಾಯವಾದವಳ ಮುಂದೆ ತಲೆ ಬಾಗಿಸಿದರು. ಆ ಕಥೆಯಲ್ಲಿ ಶಾಪದ ಹಿಂದೆ ಒಬ್ಬ ಹೆಣ್ಣಿನ ಸಂಕಟ ಇದೆ. ಕೆಂಪು ಬಟ್ಟೆಯ ಗಂಟಿನಲ್ಲಿ ಯಾರ ಸಂಕಟ ಇದೆ, ಉಡದ್ದು ಬಿಟ್ಟರೆ?

ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಗೆ 2017ರ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ. ನಿಧಿಗಾಗಿ ವಾಮಾಚಾರ ಮಾಡುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು ಅದರಡಿ ಅಪರಾಧ. ಜ್ಯೋತಿಷ್ಯ, ವಾಸ್ತು ಅದರಿಂದ ಹೊರಗಿವೆ. ಅದು ಬೇರೆ ಚರ್ಚೆ, ಇಲ್ಲಿ ಬೇಡ.

ನಿಮ್ಮ ಪೇಟೆಯಲ್ಲೂ ಇಂಥ ಗಂಟು ಯಾರಾದರೂ ಬಿಚ್ಚಿದರೆ ಜಗಳ ಆಡಬೇಡಿ. ವಸ್ತುವಿನ ಹೆಸರು ಬರೆದು ಬಿಲ್ಲು ಕೊಡಪ್ಪಾ ಅನ್ನಿ, ಜಿಎಸ್‌ಟಿ ನಂಬರ್ ಸಮೇತ. ಉಡದ್ದು ಅಂತ ಬರೆದರೆ ಅರಣ್ಯ ಇಲಾಖೆಯವರು ಬರುತ್ತಾರೆ. ಬೇರು ಅಂತ ಬರೆದರೆ ಮೋಸದ ಕೇಸು ಬೀಳುತ್ತದೆ. ಏನು ಬರೆಯುತ್ತಾನೋ ನೋಡಿ.

ನಮಸ್ಕಾರ.