ಹಂಚಿನ ಊರಿನಲ್ಲಿ ಬ್ರುನ್ಸ್‌ಲಿ

ಕೇಳುಗರಿಗೆ ನಮಸ್ಕಾರ.

ಹಂಚಿನ ಕಾರ್ಖಾನೆಯ ಒಳಗೆ ಒಮ್ಮೆ ಸುತ್ತಾಡಿ ಬಂದವರಿಗೆ ಗೊತ್ತಿರುತ್ತದೆ, ಅಚ್ಚಿನಿಂದ ತೆಗೆದ ಹಸಿ ಹಂಚನ್ನು ಯಾರೂ ನೇರವಾಗಿ ಬೆಂಕಿಗೆ ಒಡ್ಡುವುದಿಲ್ಲ. ಮೊದಲು ನೆರಳಿನಲ್ಲಿ ಸಾಲಾಗಿ ಇಟ್ಟು ಒಣಗಿಸುತ್ತಾರೆ. ಅವಸರ ಮಾಡಿದರೆ ಬಿರುಕು ಬಿಡುತ್ತದೆ. ನಾನು ಇಂದು ಹೇಳಹೊರಟಿರುವ ಚಾಕೊಲೇಟ್ ಬಿಸ್ಕತ್ತಿಗೂ ಇದೇ ನಿಯಮ. ತಮಾಷೆಯೆಂದರೆ, ಮಂಗಳೂರಿಗೆ ಹಂಚಿನ ಕಾರ್ಖಾನೆ ತಂದವರು ಯಾವ ಊರಿನ ಹೆಸರು ಹೊತ್ತು ಬಂದರೋ ಈ ಬಿಸ್ಕತ್ತೂ ಅದೇ ಊರಿನದು. ಅದು ಸ್ವಿಟ್ಜರ್ಲೆಂಡಿನ ಬಾಸೆಲ್.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಟಿತು, 1865ರಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು, 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾಯಿತು. ಪತ್ರಿಕೆ, ಹಂಚು, ನಿಘಂಟು ಎಲ್ಲವೂ ಹೀಗೆ ಬಂದವು. ಬಿಸ್ಕತ್ತು ಮಾತ್ರ ನಮ್ಮ ಮನೆಗೆ ಬಂದದ್ದು ಮೊನ್ನೆ ಮೊನ್ನೆ, ಬಾಸೆಲ್‌ನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳ ಪೆಟ್ಟಿಗೆಯಲ್ಲಿ. "ದೊಡ್ಡಮ್ಮ, ಇದು ಬ್ರುನ್ಸ್‌ಲಿ. ಮೈದಾ ಇಲ್ಲ, ಬೆಣ್ಣೆ ಇಲ್ಲ. ನಿಮಗೆ ಹಿಡಿಸುತ್ತದೆ" ಎಂದು ಒಂದು ತಗಡಿನ ಡಬ್ಬಿ ಕೈಗಿತ್ತಳು.

ಮೈದಾ ಇಲ್ಲದ ಬಿಸ್ಕತ್ತೇ ಎಂದು ನಾನೂ ಹುಬ್ಬೇರಿಸಿದ್ದೆ. ಬ್ರುನ್ಸ್‌ಲಿ ಎಂದರೆ ಕಂದು ಬಣ್ಣದ್ದು ಎಂದಷ್ಟೇ ಅರ್ಥ. ಸಿಪ್ಪೆ ತೆಗೆಯದ ಬಾದಾಮಿಯ ಪುಡಿ, ಸಕ್ಕರೆ, ಕಪ್ಪು ಚಾಕೊಲೇಟ್, ಚಕ್ಕೆ, ಲವಂಗ, ಇವೆಲ್ಲವನ್ನೂ ಹಿಡಿದಿಡಲು ಮೊಟ್ಟೆಯ ಬಿಳಿ. ಜೊತೆಗೆ ಚೆರ್ರಿ ಹಣ್ಣಿನಿಂದ ಇಳಿಸಿದ ಕಿರ್ಶ್ ಎಂಬ ಮದ್ಯ ಒಂದೆರಡು ಚಮಚ. ಬೇಡದವರು ಅದನ್ನು ಬಿಟ್ಟು ಅಷ್ಟೇ ಪನ್ನೀರು ಹಾಕಬಹುದು. ನಾನು ಹಾಕುವುದೂ ಪನ್ನೀರನ್ನೇ. ಹೃದಯ, ನಕ್ಷತ್ರ, ಮೂರೆಲೆಯ ಆಕಾರದಲ್ಲಿ ಕತ್ತರಿಸುತ್ತಾರೆ. ಕಚ್ಚಿದರೆ ಹೊರಗೆ ತೆಳುವಾದ ಗರಿಗರಿ ಪದರ, ಒಳಗೆ ಮೆತ್ತಗೆ. ಬಿಸ್ಕತ್ತು ಎನ್ನುವುದಕ್ಕಿಂತ ಬಾದಾಮಿ ಬರ್ಫಿಯ ದೂರದ ನೆಂಟ ಎಂದರೆ ಸರಿಯಾದೀತು.

ಡಿಸೆಂಬರ್ ಬಂತೆಂದರೆ ಅಲ್ಲಿನ ಮನೆಗಳಲ್ಲಿ ನಾಲ್ಕೈದು ಬಗೆಯ ಬಿಸ್ಕತ್ತು ಸುಡುವ ಸಡಗರ. ಬ್ರುನ್ಸ್‌ಲಿಗೂ ಚಕ್ಕೆ ಹಾಕಿದ ನಕ್ಷತ್ರದ ಬಿಸ್ಕತ್ತಿಗೂ ಬಿಳಿ ಖರ್ಚಾದರೆ, ಉಳಿದ ಹಳದಿ 'ಮೈಲೆಂಡರ್‌ಲಿ' ಎಂಬ ಬೆಣ್ಣೆ ಬಿಸ್ಕತ್ತಿನ ಮೇಲೆ ಸವರಲು ಆಗುತ್ತದೆ. ಯಾವ ದೇಶವಾದರೇನು, ಅಡುಗೆಮನೆಯ ಲೆಕ್ಕಾಚಾರ ಒಂದೇ.

ಪೆನ್ನು ಹಿಡಿದು ಕುಳಿತವರಿಗೆ ಅಳತೆ ಹೇಳುತ್ತೇನೆ. ಬಾದಾಮಿ 250 ಗ್ರಾಂ, ಸಕ್ಕರೆ 200 ಗ್ರಾಂ, ಕಪ್ಪು ಚಾಕೊಲೇಟ್ 100 ಗ್ರಾಂ, ಕೋಕೋ ಪುಡಿ ಎರಡು ದೊಡ್ಡ ಚಮಚ, ಎರಡು ಮೊಟ್ಟೆಯ ಬಿಳಿ, ಚಕ್ಕೆ ಪುಡಿ ಅರ್ಧ ಸಣ್ಣ ಚಮಚ, ಲವಂಗದ ಪುಡಿ ಎರಡು ಚಿಟಿಕೆ, ಉಪ್ಪು ಒಂದು ಚಿಟಿಕೆ. ಮತ್ತೊಮ್ಮೆ ಹೇಳುತ್ತೇನೆ, ಲವಂಗ ಎರಡೇ ಚಿಟಿಕೆ. ಪುಲಾವಿಗೆ ಒಗ್ಗರಣೆ ಹಾಕಿ ಪಳಗಿದ ನಮ್ಮ ಕೈ ಇಲ್ಲಿ ಜಾರುತ್ತದೆ. ಲವಂಗದ ಎಣ್ಣೆಗೆ ನಾಲಿಗೆಯನ್ನು ಮರಗಟ್ಟಿಸುವ ಗುಣವಿದೆ. ಹಲ್ಲುನೋವಿಗೆ ಅದನ್ನು ಹಚ್ಚುವುದೂ ಅದಕ್ಕೇ. ಒಂದು ಚಿಟಿಕೆ ಹೆಚ್ಚಾದರೆ ಚಾಕೊಲೇಟಿನ ರುಚಿ ಹಿಂದೆ ಸರಿದು ದಂತವೈದ್ಯರ ಕೋಣೆ ನೆನಪಾಗುತ್ತದೆ.

ಬಾದಾಮಿಯನ್ನು ಮಿಕ್ಸಿಯಲ್ಲಿ ಒಂದೇ ಸಮನೆ ತಿರುಗಿಸಬೇಡಿ. ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಅರ್ಧದಷ್ಟು ಸಕ್ಕರೆಯನ್ನು ಅದರ ಜೊತೆಗೇ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಚಿರೋಟಿ ರವೆಯಷ್ಟು ಸಣ್ಣಗಾದರೆ ಸಾಕು.

ಇನ್ನು ಚಾಕೊಲೇಟ್. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕಾಂಪೌಂಡ್ ಗಟ್ಟಿಗಳಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ. ಕೇಕಿನ ಮೇಲೆ ಸುರಿಯಲು ಅದು ನಡೆದೀತು, ಇದಕ್ಕೆ ಬೇಡ. ಹೊದಿಕೆಯ ಮೇಲಿನ ಸಣ್ಣಕ್ಷರ ಓದಿ ಕೊಳ್ಳಿ. ಚಾಕೊಲೇಟಿನ ವಿಷಯದಲ್ಲಿ ದಕ್ಷಿಣ ಕನ್ನಡದವರು ಸ್ವಿಟ್ಜರ್ಲೆಂಡಿನ ಮುಂದೆ ತೀರಾ ತಲೆ ತಗ್ಗಿಸಬೇಕಾಗಿಲ್ಲ. ಅವರಲ್ಲಿ ಚಾಕೊಲೇಟ್ ಇದೆ, ಕೋಕೋ ಮರ ಇಲ್ಲ. ನಮ್ಮ ಅಡಿಕೆ ತೋಟದ ನೆರಳಿನಲ್ಲಿ ಮರವೂ ಇದೆ, ಪುತ್ತೂರಿನಲ್ಲಿ 1986ರಿಂದ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆಯೂ ಇದೆ. ಕೋಕೋ ಹಣ್ಣು ಒಡೆದು ಬೀಜದ ಮೇಲಿನ ಬಿಳಿ ತಿರುಳನ್ನು ಚೀಪಿದ ಮಕ್ಕಳು ಇದನ್ನು ಕೇಳುತ್ತಿರಬಹುದು. ಆ ಹುಳಿಸಿಹಿಯಲ್ಲಿ ಚಾಕೊಲೇಟಿನ ಸುಳಿವೇ ಇರುವುದಿಲ್ಲ. ಬೀಜವನ್ನು ಐದಾರು ದಿನ ಮುಚ್ಚಿಟ್ಟು ಹುಳಿಯಿಸಿ, ಒಣಗಿಸಿ, ಹುರಿದ ಮೇಲಷ್ಟೇ ಆ ಪರಿಮಳ ಬರುವುದು. ನೋಡಿ, ಅಲ್ಲಿಯೂ ಒಣಗಿಸದೆ ದಾರಿಯಿಲ್ಲ.

ಕುದಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಚಾಕೊಲೇಟ್ ಕರಗಿಸಿ. ಒಂದು ಹನಿ ನೀರು ಬಿದ್ದರೂ ಅದು ಗಂಟುಗಂಟಾಗಿ ಮೊಂಡು ಹಿಡಿಯುತ್ತದೆ. ಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಕಡೆದು, ಪುಡಿಗಳನ್ನೂ ಉಳಿದ ಸಕ್ಕರೆಯನ್ನೂ ಬೆರೆಸಿ, ಕೊನೆಗೆ ಆರಿದ ಚಾಕೊಲೇಟ್ ಸುರಿದು ಕಲಸಿ. ಚಪಾತಿ ಹಿಟ್ಟಿನಂತೆ ನಾದುವುದು ಬೇಡ, ಉಂಡೆ ಕಟ್ಟುವಂತಾದರೆ ಸಾಕು. ಲಟ್ಟಿಸುವಾಗ ಕೆಳಗೆ ಹಿಟ್ಟು ಉದುರಿಸದೆ ಸಕ್ಕರೆ ಉದುರಿಸಿ. ದಪ್ಪ ಒಂದು ಸೆಂಟಿಮೀಟರ್ ಇರಲಿ. ನಮ್ಮ ಕೈ ಚಪಾತಿಯ ತೆಳುವಿಗೆ ಎಳೆಯುತ್ತದೆ, ಎಳೆಯಲು ಬಿಡಬೇಡಿ.

ಕತ್ತರಿಸಿದ ಮೇಲೆ ಹಂಚಿನ ಪಾಠ ಶುರು. ತಟ್ಟೆಯಲ್ಲಿ ಹರಡಿ ಐದಾರು ಗಂಟೆ, ಸಾಧ್ಯವಾದರೆ ಇಡೀ ರಾತ್ರಿ ಹಾಗೆಯೇ ಬಿಡಬೇಕು. ಮೇಲ್ಮೈ ಒಣಗಿ ತೊಗಟೆ ಕಟ್ಟಿದರೆ ಒಲೆಯೊಳಗೆ ನಕ್ಷತ್ರದ ಮೂಲೆಗಳು ನಕ್ಷತ್ರದ ಮೂಲೆಗಳಾಗಿಯೇ ಉಳಿಯುತ್ತವೆ. ಬಾಸೆಲ್‌ನ ಒಣ ಚಳಿಗೆ ಅದು ಸುಲಭ. ಕರಾವಳಿಯ ಗಾಳಿಯಲ್ಲಿ ನೀರಿರುತ್ತದೆ, ಹಾಗಾಗಿ ಫ್ಯಾನಿನ ಕೆಳಗಿಡಿ. ಬೆಂಗಳೂರು, ಧಾರವಾಡದವರಿಗೆ ಈ ಕಷ್ಟವಿಲ್ಲ. ಆದರೆ ಇರುವೆಗೆ ಊರಿನ ಭೇದವಿಲ್ಲವಲ್ಲ. ಮೇಜಿನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿಯೇ ನಾನು ಮಲಗುವುದು. ಒಂದು ವರ್ಷ ಕಿಟಕಿಯ ಪರದೆ ಮೇಜಿಗೆ ತಾಗಿತ್ತು. ಬೆಳಗ್ಗೆ ಎದ್ದು ನೋಡಿದರೆ ಕಂದು ನಕ್ಷತ್ರಗಳು ಕಪ್ಪಾಗಿ ಮಿಸುಕಾಡುತ್ತಿದ್ದವು.

ಸುಡುವುದಕ್ಕೆ 250 ಡಿಗ್ರಿ ಶಾಖ, ನಾಲ್ಕೈದು ನಿಮಿಷ. ಅಷ್ಟೇ. ಮೊದಲ ಸಲ ನನಗೆ ಇದನ್ನು ನಂಬಲಾಗಲಿಲ್ಲ. ನಾಲ್ಕು ನಿಮಿಷದಲ್ಲಿ ಹಪ್ಪಳ ಬೇಕಾದರೆ ಸುಟ್ಟೀತು, ಬಿಸ್ಕತ್ತು ಬೆಂದೀತೇ? ಐದನೆಯ ನಿಮಿಷಕ್ಕೆ ಒಂದನ್ನು ಒತ್ತಿ ನೋಡಿದೆ, ಬೆರಳು ಒಳಗೆ ಹೋಯಿತು. ಇನ್ನೂ ಹಸಿ ಎಂದು ಒಲೆಯ ಬಾಗಿಲು ಮುಚ್ಚಿ ಹತ್ತು ನಿಮಿಷ ಬಿಟ್ಟೆ. ಹೊರಬಂದದ್ದು ಅಪ್ಪಟ ಮಂಗಳೂರು ಹಂಚು. ನಾಯಿಗೆ ಹಾಕೋಣವೆಂದರೆ ಚಾಕೊಲೇಟ್ ನಾಯಿಗೆ ವಿಷ. ಬಾದಾಮಿಯ ಬೆಲೆ ನೆನೆದು ಮೂರು ದಿನ ನಾನೇ ಚಹಾದಲ್ಲಿ ಅದ್ದಿ ತಿಂದೆ.

ಬಿಸಿಯಲ್ಲಿ ಅದು ಮೆತ್ತಗೇ ಇರಬೇಕು, ಆರಿದ ಮೇಲೆ ತಾನಾಗಿ ಬಿಗಿಯಾಗುತ್ತದೆ. ಗರಿಗರಿಯಾದರಷ್ಟೇ ಬೆಂದಂತೆ ಎನ್ನುವ ನಮ್ಮ ಚಕ್ಕುಲಿ, ಕೋಡುಬಳೆಯ ಬುದ್ಧಿಯನ್ನು ಆ ಐದು ನಿಮಿಷದ ಮಟ್ಟಿಗೆ ಪಕ್ಕಕ್ಕಿಡಬೇಕು. ಮನೆಯ ಸಣ್ಣ ವಿದ್ಯುತ್ ಒಲೆಗಳು ಗುಂಡಿ ತಿರುಗಿಸಿದಷ್ಟು ಶಾಖ ಕೊಡದಿರುವುದೂ ಉಂಟು. ಅಂಥ ಒಲೆಯಾದರೆ ಮುಂಚೆಯೇ ಇಪ್ಪತ್ತು ನಿಮಿಷ ಕಾಯಿಸಿ, ಮೊದಲು ಎರಡೇ ಎರಡನ್ನು ಸುಟ್ಟು ನೋಡಿ.

ಮೊಟ್ಟೆ ತಿನ್ನದವರು ಏನು ಮಾಡಬೇಕೆಂದು ಕೇಳುತ್ತಾರೆ. ಎರಡು ಚಮಚ ಹಾಲು ಹಾಕಿ ಕಲಸಿದರೂ ಉಂಡೆ ಕಟ್ಟುತ್ತದೆ, ರುಚಿಗೂ ಮೋಸವಿಲ್ಲ. ಆದರೆ ಆ ತೆಳು ಪದರ ಬರುವುದಿಲ್ಲ. ಅದನ್ನು ಚಾಕೊಲೇಟ್ ಬರ್ಫಿ ಎಂದೇ ಕರೆದು ಸುಡದೆ ತಿನ್ನುವುದು ಮೇಲು.

ಆರಿದ ಬ್ರುನ್ಸ್‌ಲಿಯನ್ನು ತಗಡಿನ ಡಬ್ಬಿಯಲ್ಲಿ, ನಡುನಡುವೆ ಕಾಗದ ಹಾಸಿ ಇಟ್ಟರೆ ಎರಡು ವಾರ ಕೆಡುವುದಿಲ್ಲ. ಮೂರನೆಯ ದಿನಕ್ಕೆ ಚಕ್ಕೆ, ಲವಂಗ ಒಳಗಿಳಿದು ರುಚಿ ಏರುತ್ತದೆ.

ಪಕ್ಕದ ಮನೆಯ ಬಾಯಮ್ಮ ಪ್ರತಿ ಕ್ರಿಸ್‌ಮಸ್‌ಗೆ ನಮಗೆ ಕುಸ್ವಾರ್, ಎಂದರೆ ಹಬ್ಬದ ತಿಂಡಿಗಳನ್ನು ಕಳುಹಿಸುತ್ತಾರೆ. ಕಿಡಿಯೊ, ನೆವ್ರಿ, ಕೊಕ್ಕಿಸ್ ಎಂದು ತಟ್ಟೆ ತುಂಬಿರುತ್ತದೆ. ಕಳೆದ ವರ್ಷ ಆ ತಟ್ಟೆಯಲ್ಲಿ ಬ್ರುನ್ಸ್‌ಲಿ ಇಟ್ಟು ನಾನೇ ಕೊಟ್ಟುಬಂದೆ. ಕರಿಯುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಬೀದಿಯಲ್ಲಿಲ್ಲ. ಒಂದನ್ನು ಮುರಿದು ಒಳಗೆ ನೋಡಿ, "ಇದು ಇನ್ನೂ ಸ್ವಲ್ಪ ಹಸಿ ಅಲ್ಲವಾ?" ಎಂದರು. ನಾನು ಮಾತನಾಡಲಿಲ್ಲ. ಎರಡನೆಯದನ್ನು ಮುರಿಯದೆ ಇಡಿಯಾಗಿ ಬಾಯಿಗೆ ಹಾಕಿಕೊಂಡರು. ಮೂರನೆಯದಕ್ಕೆ ಕೈ ಚಾಚುತ್ತಾ, "ಲವಂಗ ಎಷ್ಟು ಹಾಕಿದ್ದು?" ಎಂದು ಕೇಳಿದರು.

ಎರಡು ಚಿಟಿಕೆ ಎಂದೆ.

ನಮಸ್ಕಾರ.